ವಿನಿಮಯ ಬ್ಯಾಂಕಿನ ಪರದೇಶಿ ನೌಕರನ ಸಂಸಾರ: ವಸಾಹತು ಕಾಲದ ಏಷ್ಯಾ

ವಸಾಹತು ಕಾಲದಲ್ಲಿ ಬ್ರಿಟನ್ನಿನಿಂದ ಏಷ್ಯಾದ ಬಂದರುಗಳಿಗೆ ಬ್ಯಾಂಕಿನ ಕೆಲಸಕ್ಕೆಂದು ಬಂದವರ ಮನೆವಾರ್ತೆಯನ್ನು ಕುರಿತು ಜನರಲ್ಲಿ ಉಳಿದಿರುವ ಕಲ್ಪನೆ ಬಹುಮಟ್ಟಿಗೆ ಒಂದೇ: ಬೆಟ್ಟದ ಮೇಲೊಂದು ಬಂಗಲೆ, ಕೈತುಂಬ ಆಳುಕಾಳು, ಸಂಜೆಗೆ ಕ್ಲಬ್ಬು, ವಾರದ ಕೊನೆಗೆ ಕುದುರೆ ಪಂದ್ಯ. ಈ ಕಲ್ಪನೆ ಸುಳ್ಳಲ್ಲ, ಆದರೆ ಅದು ನೌಕರಿಯ ಕೊನೆಯ ಹಂತದ ಚಿತ್ರ. ಆ ಬಂಗಲೆಗೆ ಹೆಂಡತಿ ಯಾವಾಗ ಬರಬೇಕು, ಎಂಥವಳು ಬರಬೇಕು, ಹುಟ್ಟಿದ ಮಕ್ಕಳು ಎಷ್ಟು ವರ್ಷ ಅಲ್ಲಿರಬೇಕು ಎಂಬುದನ್ನೆಲ್ಲ ಬಹುಪಾಲು ತೀರ್ಮಾನಿಸಿದ್ದು ಬ್ಯಾಂಕು. ಬೇರೆ ವಸಾಹತು ನೌಕರಿಗಳಲ್ಲೂ ಮಾಲೀಕನ ಕೈ ಮನೆಯೊಳಗೆ ಚಾಚಿತ್ತು. ಆದರೆ ಬ್ಯಾಂಕು ಸಾಲಗಾರನನ್ನು ಅಳೆಯುವ ವಿವೇಕದಿಂದಲೇ ತನ್ನ ನೌಕರನ ಸಂಸಾರವನ್ನೂ ಅಳೆಯಿತು. ಖರ್ಚು, ಭದ್ರತೆ, ನಂಬಿಕೆ, ಅಪಾಯ ಈ ನಾಲ್ಕರ ಲೆಕ್ಕದಲ್ಲಿ ಮದುವೆಯೂ ಒಂದು ಬಾಬ್ತು. ಈ ಲೇಖನ ಮುಖ್ಯವಾಗಿ 1865ರಲ್ಲಿ ಸ್ಥಾಪನೆಯಾದ ಹಾಂಗ್‌ಕಾಂಗ್ ಅಂಡ್ ಶಾಂಘೈ ಬ್ಯಾಂಕಿನ ನಿದರ್ಶನವನ್ನು ಹಿಡಿದು, 1941ರ ಡಿಸೆಂಬರಿನ ಯುದ್ಧದವರೆಗಿನ ಸ್ಥಿತಿಯನ್ನು ಪರಿಶೀಲಿಸುತ್ತದೆ.

ಈ ಬ್ಯಾಂಕುಗಳ ಸ್ವರೂಪ ತಿಳಿಯದೆ ಅವುಗಳ ನಿಯಮ ಅರ್ಥವಾಗುವುದಿಲ್ಲ. 1853ರಲ್ಲಿ ರಾಜಶಾಸನ ಪಡೆದ ಚಾರ್ಟರ್ಡ್ ಬ್ಯಾಂಕು, ಅದರ ಪ್ರತಿಸ್ಪರ್ಧಿಯಾದ ಮರ್ಕೆಂಟೈಲ್ ಬ್ಯಾಂಕು, ಹಾಂಗ್‌ಕಾಂಗ್ ಬ್ಯಾಂಕು, ಇವೆಲ್ಲ ಮುಖ್ಯವಾಗಿ ನಾಣ್ಯ ವಿನಿಮಯದ ಮತ್ತು ಆಮದು ರಫ್ತಿನ ಹುಂಡಿಗಳ ವ್ಯವಹಾರ ನಡೆಸುತ್ತಿದ್ದವು. ಹಾಂಗ್‌ಕಾಂಗ್ ಬ್ಯಾಂಕು 1867ರಲ್ಲಿ ಕಲ್ಕತ್ತೆಯಲ್ಲಿ, 1869ರಲ್ಲಿ ಮುಂಬಯಿಯಲ್ಲಿ ಶಾಖೆ ತೆರೆಯಿತು. ಯೊಕೊಹಾಮಾ, ಮನಿಲಾ, ಸಿಂಗಪುರ, ಬ್ಯಾಂಕಾಕ್, ರಂಗೂನ್, ಕೊಲಂಬೊಗಳಲ್ಲಿಯೂ ಅದರ ಬಾಗಿಲುಗಳಿದ್ದವು. ಒಂದೊಂದು ಕಚೇರಿಯಲ್ಲೂ ಬೆರಳೆಣಿಕೆಯ ಬ್ರಿಟಿಷ್ ಅಧಿಕಾರಿಗಳು, ಅವರ ಕೆಳಗೆ ಸ್ಥಳೀಯ ಗುಮಾಸ್ತರು, ನಾಣ್ಯ ಪರೀಕ್ಷಿಸುವ ಶರಾಫರು, ಚೀನಾದ ಶಾಖೆಗಳಲ್ಲಾದರೆ ಸ್ಥಳೀಯ ವ್ಯವಹಾರಕ್ಕೆ ಜಾಮೀನು ನಿಲ್ಲುವ ಕಾಂಪ್ರಡೋರ್ ಎಂಬ ಚೀನೀ ವರ್ತಕ. ಅಧಿಕಾರಿಗಳನ್ನು ಲಂಡನ್ನಿನಲ್ಲಿ ಎಳೆಯ ವಯಸ್ಸಿನಲ್ಲೇ ಆರಿಸಿ, ಅಲ್ಲಿನ ಕಚೇರಿಯಲ್ಲಿ ಲೆಡ್ಜರು ಬರೆಯಿಸಿ, ಕೆಲವು ವರ್ಷಗಳ ಮೇಲೆ ಹಡಗು ಹತ್ತಿಸುತ್ತಿದ್ದರು. ಸ್ಕಾಟ್ಲೆಂಡಿನವರೂ ಐರ್ಲೆಂಡಿನವರೂ ಇವರಲ್ಲಿ ಬಹಳ. ಹಾಗೆ ಹೊರಟವನು ಯಾವ ಊರಿನ ನೌಕರನೂ ಅಲ್ಲ. ತಂತಿ ಬಂದರೆ ಪೆನಾಂಗ್ ಬಿಟ್ಟು ಹ್ಯಾಂಕೌಗೆ ಹೊರಡಬೇಕಾದವನು. ಹೆಂಡತಿ, ತೊಟ್ಟಿಲು, ಪಿಯಾನೊ ಇಲ್ಲದವನನ್ನು ಎತ್ತಿ ಇನ್ನೊಂದೆಡೆ ಕೂರಿಸುವುದು ಸುಲಭ, ಅಗ್ಗವೂ ಹೌದು.

ಆದ್ದರಿಂದ ನಿಯಮ ಹೀಗಿತ್ತು: ಪೂರ್ವದೇಶದಲ್ಲಿ ಸುಮಾರು ಹತ್ತು ವರ್ಷ ದುಡಿಯುವ ತನಕ ಮದುವೆಯ ಮಾತಿಲ್ಲ, ಆಮೇಲೂ ಮುಖ್ಯ ವ್ಯವಸ್ಥಾಪಕರ ಅನುಮತಿ ಬೇಕು. ಹತ್ತೊಂಬತ್ತಕ್ಕೆ ಸೇರಿ ಇಪ್ಪತ್ತೆರಡಕ್ಕೆ ಹಡಗು ಹತ್ತಿದವನಿಗೆ ಮದುವೆಯ ಯೋಗ ಮೂವತ್ತೆರಡಕ್ಕೆ ಎಂದಾಯಿತು. ಚಾರ್ಲ್ಸ್ ಆಡಿಸ್ ಎಂಬ ಸ್ಕಾಟ್ಲೆಂಡಿನವರ ವೃತ್ತಾಂತ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಅವರು 1880ರಲ್ಲಿ ಲಂಡನ್ ಕಚೇರಿಗೆ ಸೇರಿ, 1883ರಲ್ಲಿ ಸಿಂಗಪುರಕ್ಕೆ ಬಂದು, 1894ರಲ್ಲಿ, ತಮ್ಮ ಮೂವತ್ತೆರಡನೆಯ ವಯಸ್ಸಿನಲ್ಲಿ ಮದುವೆಯಾದರು. ದಂಪತಿಗಳಿಗೆ ಹದಿಮೂರು ಮಕ್ಕಳು. ಲಂಡನ್ನಿಗೆ ಮರಳಿದ ಮೇಲೆ ಬ್ಯಾಂಕ್ ಆಫ್ ಇಂಗ್ಲೆಂಡಿನ ನಿರ್ದೇಶಕರೂ ಆದ ಆಡಿಸರ ಪತ್ರಗಳೂ ದಿನಚರಿಗಳೂ ಉಳಿದಿರುವುದರಿಂದ ಈ ಕಾಲದ ಬ್ಯಾಂಕ್ ಸಂಸಾರದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಗಣನೀಯ ಭಾಗ ಅವರ ಮನೆಯದು. ನಿಯಮ ಬಿಗಿಯಾಗುವ ಮೊದಲಿನ ತಲೆಮಾರಿಗೆ ಇಷ್ಟು ಕಾಯುವ ಕಷ್ಟವಿರಲಿಲ್ಲ. ಬ್ಯಾಂಕಿನ ಮಹಾಪುರುಷನೆಂದೇ ಹೆಸರಾದ ಐರಿಷ್ ಮೂಲದ ಥಾಮಸ್ ಜಾಕ್ಸನ್ 1871ರಲ್ಲಿ ಯೊಕೊಹಾಮಾದಲ್ಲೇ ಮದುವೆಯಾದರು. ಸಂಸ್ಥೆ ಬೆಳೆದು, ಎಲ್ಲ ಶಾಖೆಗಳಿಗೂ ಒಂದೇ ಸಿಬ್ಬಂದಿ, ಒಂದೇ ಜ್ಯೇಷ್ಠತೆಯ ಪಟ್ಟಿ ಎಂಬ ವ್ಯವಸ್ಥೆ ಗಟ್ಟಿಯಾದಂತೆ ಸಂಸಾರದ ಮೇಲಿನ ಹಿಡಿತವೂ ಬಿಗಿಯಾಯಿತು.

ಅಗ್ಗದ ವರ್ಗಾವಣೆ ಒಂದು ಕಾರಣವಾದರೆ, ಸಾಲದ ಭಯ ಇನ್ನೊಂದು. ನನಗೆ ಎರಡನೆಯದೇ ಬಲವಾದದ್ದಾಗಿ ಕಾಣುತ್ತದೆ. ಬಂದರು ಊರುಗಳಲ್ಲಿ ಬಿಳಿಯರು ಜೇಬಿನಲ್ಲಿ ರೊಕ್ಕ ಇಟ್ಟುಕೊಂಡು ತಿರುಗುತ್ತಿದ್ದುದು ಕಡಿಮೆ. ಕ್ಲಬ್ಬಿನ ಪಾನೀಯ, ದರ್ಜಿಯ ಕೂಲಿ, ಅಂಗಡಿಯ ಸಾಮಾನು ಎಲ್ಲಕ್ಕೂ ಚೀಟಿಗೆ ಸಹಿ ಹಾಕಿ ತಿಂಗಳ ಕೊನೆಗೆ ತೀರಿಸುವ ಪದ್ಧತಿ. ಬಿಳಿಯ ಮನೆತನದ ದರ್ಜೆಗೆ ತಕ್ಕಂತೆ ಬಾಳಬೇಕು ಎಂಬ ಒತ್ತಡ ಸೇರಿಬಿಟ್ಟರೆ ಚಿಕ್ಕ ಸಂಬಳದ ಯುವಕ ಸಾಲದಲ್ಲಿ ಮುಳುಗಲು ಎರಡು ವರ್ಷ ಸಾಕು. ಅಂಥವನ ಕೈಯಲ್ಲಿ ಖಜಾನೆಯ ಬೀಗದ ಕೈ ಇರುವುದನ್ನು ಯಾವ ಬ್ಯಾಂಕು ಸಹಿಸೀತು? ಅವಿವಾಹಿತ ಕಿರಿಯರನ್ನೆಲ್ಲ ಬ್ಯಾಂಕೇ ಒಂದು ಮೆಸ್ಸಿನಲ್ಲಿಟ್ಟು, ಹಿರಿಯನೊಬ್ಬನ ಕಣ್ಗಾವಲಿನಲ್ಲಿ ಊಟ ವಸತಿ ನಡೆಸಿದ್ದು ಈ ಅನುಮಾನದಿಂದಲೇ. ಮೆಸ್ಸು ಸಾಲ ತಡೆಯಿತು, ಜೊತೆಗೆ ಒಂದು ಬಗೆಯ ಬಂಧುತ್ವವನ್ನೂ ಕಟ್ಟಿತು. ಇಪ್ಪತ್ತರ ಹರೆಯದ ಹತ್ತು ವರ್ಷ ಒಟ್ಟಿಗೆ ಉಂಡವರು ಮುಂದೆ ಬೇರೆ ಬೇರೆ ಬಂದರುಗಳಲ್ಲಿ ಏಜೆಂಟರಾದಾಗ, ತಂತಿಯ ಸಂಕೇತಾಕ್ಷರಗಳ ಆಚೆ ಇರುವ ಮನುಷ್ಯ ಯಾರೆಂದು ಅವರಿಗೆ ಗೊತ್ತಿರುತ್ತಿತ್ತು. (ಶಾಖೆಯ ಮುಖ್ಯಸ್ಥನನ್ನು ಏಜೆಂಟ್ ಎನ್ನುವ ರೂಢಿ ನಮ್ಮ ಬ್ಯಾಂಕುಗಳಲ್ಲೂ ಬಹುಕಾಲ ಇತ್ತು, ಹಳೆಯ ತಲೆಮಾರಿನವರು ಈಗಲೂ ‘ಏಜೆಂಟರು’ ಎಂದೇ ಹೇಳುವುದುಂಟು.)

ಇಲ್ಲೊಂದು ಆಕ್ಷೇಪಣೆ ಬರಬಹುದು: ತಡವಾದ ಮದುವೆ ಬ್ಯಾಂಕಿನವರಿಗೆ ಮಾತ್ರ ಬಂದದ್ದೇನು? ಇಂಡಿಯನ್ ಸಿವಿಲ್ ಸರ್ವಿಸಿನವರು, ಸೈನ್ಯದ ಕಿರಿಯ ಅಧಿಕಾರಿಗಳು, ತೋಟದ ದೊರೆಗಳು, ಎಲ್ಲರೂ ಕಾಯುತ್ತಿದ್ದರಲ್ಲ? ಕಾಯುತ್ತಿದ್ದರು, ನಿಜ. ಕರ್ನಾಟಕಕ್ಕೆ ಪರಿಚಿತವಾದ ಉದಾಹರಣೆ ಇನ್ನೂ ಕಟ್ಟುನಿಟ್ಟಾದದ್ದು. 1834ರಿಂದ ಮಂಗಳೂರಿನಲ್ಲಿ ನೆಲೆನಿಂತ, ಕಿಟೆಲ್ ಮತ್ತು ಮೋಗ್ಲಿಂಗ್ ಸೇರಿದ್ದ ಬಾಸೆಲ್ ಮಿಷನ್ನಿನಲ್ಲಿ ಪಾದ್ರಿಯು ಎರಡು ವರ್ಷವಾದರೂ ಸೇವೆ ಸಲ್ಲಿಸಿ, ಆಡಳಿತ ಸಮಿತಿಯ ಅನುಮತಿ ಪಡೆದ ಮೇಲೆಯೇ ಮದುವೆಯಾಗಬೇಕಿತ್ತು. ಎಷ್ಟೋ ಸಲ ವಧುವನ್ನು ಗೊತ್ತುಮಾಡಿ ಹಡಗಿನಲ್ಲಿ ಕಳುಹಿಸುವುದೂ ಅಲ್ಲಿಂದಲೇ. ಮಕ್ಕಳು ಶಾಲೆಯ ವಯಸ್ಸಿಗೆ ಬಂದರೆ ಬಾಸೆಲಿನ ಮಕ್ಕಳ ನಿಲಯಕ್ಕೆ ರವಾನೆ. ಆದರೂ ಎರಡರ ನಡುವೆ ವ್ಯತ್ಯಾಸವಿದೆ. ಮಿಷನ್ನಿಗೆ ಪಾದ್ರಿಯ ಹೆಂಡತಿ ಬೇಕಾಗಿದ್ದಳು. ಹೆಣ್ಣುಮಕ್ಕಳ ಶಾಲೆ, ಹೊಲಿಗೆ ತರಗತಿ, ಅನಾಥಾಲಯಗಳು ಅವಳ ಮೈಗಷ್ಟದಿಂದ ನಡೆಯುತ್ತಿದ್ದವು. ಹಾಗಾಗಿ ಎರಡೇ ವರ್ಷಕ್ಕೆ ಮದುವೆ. ಬ್ಯಾಂಕಿಗೆ ಕಿರಿಯ ನೌಕರನ ಹೆಂಡತಿಯಿಂದ ಆಗಬೇಕಾದದ್ದು ಏನೂ ಇರಲಿಲ್ಲ; ಹಿರಿಯನ ಹೆಂಡತಿಯಿಂದ ಬಹಳ ಇತ್ತು. ಎರಡಕ್ಕೂ ಹತ್ತಕ್ಕೂ ನಡುವಿನ ಅಂತರಕ್ಕೆ ಮುಖ್ಯ ಕಾರಣ ಇದೆಂದು ನನ್ನ ಅಭಿಪ್ರಾಯ. ಸಂಸ್ಥೆಗೆ ಹೆಂಗಸಿನ ದುಡಿಮೆ ಯಾವ ಹಂತದಲ್ಲಿ ಬೇಕೋ ಆ ಹಂತದಲ್ಲಿ ಮದುವೆಗೆ ಒಪ್ಪಿಗೆ ಸಿಕ್ಕಿತು.

ಹೆಂಗಸರ ಆರೋಗ್ಯಕ್ಕಾಗಿಯೇ ಈ ನಿಯಮ ಎಂಬ ಸಮರ್ಥನೆಯೂ ಉಂಟು. ಉಷ್ಣವಲಯದ ಜ್ವರ, ಕಾಲರಾ, ಆಮಶಂಕೆ, 1894ರಲ್ಲಿ ಹಾಂಗ್‌ಕಾಂಗಿಗೆ ಬಡಿದ ಪ್ಲೇಗು ಇವುಗಳನ್ನು ಲಘುವಾಗಿ ಕಾಣಲಾಗದು. ಬಾಣಂತನದಲ್ಲಿ ತೀರಿಕೊಂಡ ಎಳೆಯ ಹೆಂಗಸರ ಗೋರಿಗಳು ಏಷ್ಯಾದ ಪ್ರತಿಯೊಂದು ಹಳೆಯ ಯುರೋಪಿಯನ್ ಸ್ಮಶಾನದಲ್ಲೂ ಸಾಲುಗಟ್ಟಿವೆ. ಆದರೆ ಊರುಗಳ ಆರೋಗ್ಯ ಸುಧಾರಿಸಿದಾಗ ನಿಯಮ ಸಡಿಲವಾಗಲಿಲ್ಲ. ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯರು ಶುದ್ಧ ಹಾಲು ಸಿಗಲೆಂದು ಕೆಲವು ವರ್ತಕರೊಡನೆ ಸೇರಿ 1886ರಲ್ಲಿ ಹಾಂಗ್‌ಕಾಂಗಿನಲ್ಲಿ ಡೈರಿ ಫಾರ್ಮ್ ಕಂಪನಿ ಕಟ್ಟಿದರು. ಸಿಂಗಪುರಕ್ಕೆ 1903ರಲ್ಲಿ ಕೋಲ್ಡ್ ಸ್ಟೋರೇಜ್ ಬಂತು. ಕುದಿಸಿದ ನೀರು, ಸೊಳ್ಳೆಪರದೆ, ಕ್ವಿನೈನ್ ಮನೆಮನೆಯ ಮಾತಾದವು. ಆದರೂ ಹತ್ತು ವರ್ಷದ ಕಟ್ಟಳೆ 1930ರ ದಶಕದಲ್ಲೂ ಜೀವಂತವಾಗಿತ್ತು. ಇದರ ಮೂಲ ಜ್ವರದಲ್ಲಿದ್ದಿದ್ದರೆ ಜ್ವರದ ಜೊತೆ ಇಳಿಯಬೇಕಿತ್ತು.

ವಧು ಯಾರಾಗಬಹುದು ಎಂಬುದರಲ್ಲಿ ಬ್ಯಾಂಕಿನ ಮನಸ್ಸು ಇನ್ನೂ ಸ್ಪಷ್ಟವಾಗಿ ತೋರುತ್ತದೆ. ಏಷ್ಯಾದ ಹೆಣ್ಣನ್ನಾಗಲಿ, ಮಿಶ್ರ ಮೂಲದ ಹೆಣ್ಣನ್ನಾಗಲಿ, 1930ರ ದಶಕದಲ್ಲಿ ಬ್ರಿಟಿಷಳಲ್ಲದ ಯುರೋಪಿನ ಹೆಣ್ಣನ್ನಾಗಲಿ ಮದುವೆಯಾಗುವುದೆಂದರೆ ಕೆಲಸಕ್ಕೆ ಸಂಚಕಾರ. ಆಗ ಮುಖ್ಯ ವ್ಯವಸ್ಥಾಪಕರಾಗಿದ್ದ ವ್ಯಾಂಡಲರ್ ಗ್ರೇಬರ್ನ್ ಈ ವಿಷಯದಲ್ಲಿ ಮುಲಾಜಿಲ್ಲದವರು. ಇದರ ಫಲವನ್ನು ಊಹಿಸಲು ಕಷ್ಟವಿಲ್ಲ. ಹತ್ತು ವರ್ಷ ಮದುವೆ ಕೂಡದು, ಸ್ಥಳೀಯ ಹೆಣ್ಣು ಎಂದೆಂದಿಗೂ ಕೂಡದು ಎಂದ ಕಡೆ ಗುಟ್ಟಿನ ಸಂಸಾರಗಳು ಹುಟ್ಟಿದವು. ಬ್ಯಾಂಕಿನ ಕಡತಗಳು ಈ ಬಗ್ಗೆ ಬಹುತೇಕ ಮೌನ. ಆದರೆ ಅದೇ ಲೋಕದ ಇತರರ ಕಾಗದಗಳು ಮೌನವಾಗಿಲ್ಲ. ಚೀನಾದ ಸುಂಕದ ಇಲಾಖೆಯ ಮುಖ್ಯಸ್ಥನಾಗಿ ಹೆಸರಾದ ರಾಬರ್ಟ್ ಹಾರ್ಟ್‌ಗೆ ಯೌವನದಲ್ಲಿ ಚೀನೀ ಸಂಗಾತಿಯಿದ್ದಳು. ಅವಳಲ್ಲಿ ಹುಟ್ಟಿದ ಮೂವರು ಮಕ್ಕಳನ್ನು ಆತ ಇಂಗ್ಲೆಂಡಿಗೆ ಕಳುಹಿಸಿ, ತನ್ನ ಪೋಷಣೆಯಲ್ಲಿರುವವರೆಂದು ಹೇಳಿಕೊಂಡು ಬೆಳೆಸಿದ. ಬ್ಯಾಂಕಿನ ಮೆಸ್ಸುಗಳಲ್ಲಿ ಇಂಥವು ಎಷ್ಟು ನಡೆದವೆಂದು ಎಣಿಸಲಾಗದು. ಎಣಿಸಲಾಗದಂತೆ ನೋಡಿಕೊಂಡದ್ದೂ ಆ ನಿಯಮದ ಕೆಲಸವೇ.

ಅನುಮತಿ ಸಿಕ್ಕಿತೆನ್ನಿ. ನಿಶ್ಚಿತಾರ್ಥ ಬ್ರಿಟನ್ನಿಗೆ ಹೋದ ರಜೆಯಲ್ಲಿ, ಮದುವೆ ಆ ರಜೆಯ ಕೊನೆಗೆ ಅಥವಾ ಮುಂದಿನ ರಜೆಯಲ್ಲಿ. ಇಲ್ಲವಾದರೆ ಹೆಣ್ಣು ಒಬ್ಬಳೇ ಹಡಗಿನಲ್ಲಿ ಬಂದು, ಇಳಿದ ಒಂದೆರಡು ದಿನಗಳಲ್ಲೇ ಬಂದರಿನ ಇಗರ್ಜಿಯಲ್ಲಿ ಮದುವೆ. ವರ್ಷಗಳ ಹಿಂದೆ ಕಂಡ ಮುಖವನ್ನು ಧಕ್ಕೆಯ ಮೇಲೆ ಗುರುತಿಸಬೇಕಾದ ಪಾಡು. ಸೂಯೆಜ್ ಕಾಲುವೆ 1869ರಲ್ಲಿ ತೆರೆದ ಮೇಲೂ ಇಂಗ್ಲೆಂಡಿನಿಂದ ಹಾಂಗ್‌ಕಾಂಗಿಗೆ ಹಡಗಿನ ಪ್ರಯಾಣ ಒಂದು ತಿಂಗಳಿಗೆ ಕಡಿಮೆಯಿರಲಿಲ್ಲ. ಹೊಸ ಮನೆಯ ಸಾಮಾನು ಬಹುಪಾಲು ಹರಾಜಿನದು: ಊರು ಬಿಡುವವನು ಮಂಚ ಮೇಜು, ಪಿಂಗಾಣಿ ಎಲ್ಲವನ್ನೂ ಹರಾಜಿಗಿಟ್ಟು ಹೋಗುತ್ತಿದ್ದ, ಬರುವವನು ಕೊಳ್ಳುತ್ತಿದ್ದ, ಮೂರು ವರ್ಷಕ್ಕೆ ತಾನೂ ಮಾರುತ್ತಿದ್ದ. ಹಾಂಗ್‌ಕಾಂಗಿನಲ್ಲಿ ಇಂಥ ಸಂಸಾರಗಳ ನೆಲೆ ಪೀಕ್ ಎಂಬ ಗುಡ್ಡ. 1888ರಲ್ಲಿ ಅಲ್ಲಿಗೆ ಟ್ರಾಮು ಬಂತು. 1904ರ ಕಾಯ್ದೆ, ಮನೆಗೆಲಸದವರನ್ನು ಬಿಟ್ಟರೆ ಚೀನೀಯರು ಅಲ್ಲಿ ವಾಸಿಸಕೂಡದೆಂದಿತು. ಅದು ರದ್ದಾದದ್ದು 1946ರಲ್ಲಿ. ತಂಪಿಗಾಗಿ ಹೋದವರಿಗೆ ಸಿಕ್ಕಿದ್ದು ತಿಂಗಳುಗಟ್ಟಲೆ ಮಂಜು. ಬೂಟಿನ ಮೇಲೆ, ಪುಸ್ತಕದ ರಟ್ಟಿನ ಮೇಲೆ ಬೂಷ್ಟು. ಬಟ್ಟೆ ಒಣಗಲು ಬಿಸಿ ಮಾಡಿದ ಕಪಾಟುಗಳು. ಗಂಡಸು ಬೆಳಿಗ್ಗೆ ಟ್ರಾಮು ಹತ್ತಿ ಇಳಿದರೆ, ಹೆಂಗಸಿಗೆ ಸಂಜೆಯವರೆಗೆ ಆ ಮಂಜು ಮತ್ತು ಆಳುಗಳು.

ಈ ಹೆಂಗಸರು ಸೋಮಾರಿಗಳಾಗಿ ಕಾಲ ಕಳೆದರು ಎನ್ನುವ ಹಳೆಯ ಟೀಕೆಯನ್ನು ಹಾಗೆಯೇ ಒಪ್ಪಲಾಗದು. ಏಜೆಂಟನ ಮನೆಯ ಊಟದ ಮೇಜು ಬ್ಯಾಂಕಿನ ವ್ಯವಹಾರದ ಒಂದು ಭಾಗ. ಹಡಗು ಕಂಪನಿಯವನು, ರೇಷ್ಮೆ ವರ್ತಕ, ದೂತಾವಾಸದವನು ಯಾರ ಪಕ್ಕ ಕೂರಬೇಕು, ಯಾರ ಹೆಂಡತಿಗೆ ಮೊದಲು ಭೇಟಿಯ ಚೀಟಿ ಕಳುಹಿಸಬೇಕು ಎಂಬ ಲೆಕ್ಕ ತಪ್ಪಿದರೆ ಠೇವಣಿಯೇ ಬೇರೆ ಬ್ಯಾಂಕಿಗೆ ಹೋದೀತು. ಈ ದುಡಿಮೆಗೆ ಸಂಬಳವಿರಲಿಲ್ಲ, ಆದರೆ ಗಂಡನ ಬಡ್ತಿಯ ಮೇಲೆ ಅದರ ನೆರಳು ಇತ್ತು. ವಾರದ ಲಯವನ್ನೂ ಬ್ಯಾಂಕೇ ಗೊತ್ತುಮಾಡುತ್ತಿತ್ತು. ಟಪಾಲು ಹಡಗು ಹೊರಡುವ ಹಿಂದಿನ ದಿನ ಕಚೇರಿಯಲ್ಲಿ ರಾತ್ರಿಯವರೆಗೂ ದೀಪ. ಮನೆಯಲ್ಲಿ ಹೆಂಡತಿಯೂ ಅದೇ ಟಪಾಲಿಗೆ ಮಕ್ಕಳಿಗೆ ಕಾಗದ ಬರೆಯುತ್ತಿದ್ದಳು. 1871ರಿಂದ ಹಾಂಗ್‌ಕಾಂಗಿಗೆ ಲಂಡನ್ನಿನ ಬೆಳ್ಳಿಯ ಧಾರಣೆ ತಂತಿಯ ಮೂಲಕ ಬೇಗನೆ ತಲುಪತೊಡಗಿತು. ತಂತಿಯ ದರ ವ್ಯಾಪಾರಕ್ಕೆ ತಾಳುವಂಥದು, ಮಗುವಿನ ದಡಾರದ ಸುದ್ದಿಗೆ ತಾಳುವಂಥದಲ್ಲ. ಆ ಸುದ್ದಿ ಹಡಗಿನಲ್ಲೇ ಬರಬೇಕು. ಇಪ್ಪತ್ತನೆಯ ಶತಮಾನದಲ್ಲಿ ಸೈಬೀರಿಯಾದ ರೈಲು ಬಂದ ಮೇಲೂ ಎರಡು ವಾರಕ್ಕೆ ಮೊದಲು ಬರುವಂತಿರಲಿಲ್ಲ.

ಮಕ್ಕಳ ಅಗಲಿಕೆಯೇ ಈ ಬದುಕಿನ ಅತ್ಯಂತ ದುಬಾರಿ ಬಾಬ್ತು, ಹಣದಲ್ಲಿಯೂ ಹೌದು. ಆರೇಳು ವರ್ಷಕ್ಕೆ ಮಗುವನ್ನು ಬ್ರಿಟನ್ನಿಗೆ ಕಳುಹಿಸಬೇಕು: ಹವೆಗಾಗಿ, ವಿದ್ಯೆಗಾಗಿ, ಉಚ್ಚಾರಣೆ ‘ಕೆಡದಿರಲಿ’ ಎಂದು. ಭಾರತದಲ್ಲಿ ಇದಕ್ಕೆ ಪರ್ಯಾಯ ಇತ್ತು. ಬೆಂಗಳೂರಿನಲ್ಲಿ 1865ರಲ್ಲಿ ಆರಂಭವಾದ ಬಿಷಪ್ ಕಾಟನ್ ಶಾಲೆಯಂಥವು, ನೀಲಗಿರಿಯ ಶಾಲೆಗಳು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಓದು ಕಲಿಸುತ್ತಿದ್ದವು. ಆದರೆ ಅಲ್ಲಿ ಓದಿದವನು ‘ಇಲ್ಲಿಯವನು’ ಎನಿಸಿಕೊಳ್ಳುತ್ತಿದ್ದ. ಲಂಡನ್ನಿನಲ್ಲಿ ನೇಮಕವಾಗುವ ದರ್ಜೆಯ ಬಾಗಿಲು ಅವನಿಗೆ ತೆರೆಯುವುದು ಕಷ್ಟ. ಆದ್ದರಿಂದ ತಾಯಿಯ ಮುಂದೆ ಇದ್ದದ್ದು ಗಂಡನ ಜೊತೆಗೋ ಮಕ್ಕಳ ಜೊತೆಗೋ ಎಂಬ ಪ್ರಶ್ನೆ. ಹಾಸ್ಯ ಕಾದಂಬರಿಕಾರ ಪಿ.ಜಿ. ವುಡ್‌ಹೌಸ್ ಈ ವ್ಯವಸ್ಥೆಯನ್ನು ಎರಡೂ ತುದಿಯಿಂದ ಕಂಡವರು. ಅವರ ತಂದೆ ಹಾಂಗ್‌ಕಾಂಗಿನಲ್ಲಿ ಮ್ಯಾಜಿಸ್ಟ್ರೇಟರು; ಮೂರರಿಂದ ಹದಿನೈದರ ವಯಸ್ಸಿನ ನಡುವೆ ಹುಡುಗನಿಗೆ ತಂದೆತಾಯಿ ಸಿಕ್ಕಿದ್ದು ಒಟ್ಟು ಕೆಲವೇ ತಿಂಗಳು, ಮಿಕ್ಕಂತೆ ದಾದಿಯರು, ಅತ್ತೆ ಚಿಕ್ಕಮ್ಮಂದಿರ ಮನೆಗಳು. 1900ರಲ್ಲಿ ಅವರನ್ನು ಸೇರಿಸಿದ್ದು ಹಾಂಗ್‌ಕಾಂಗ್ ಬ್ಯಾಂಕಿನ ಲಂಡನ್ ಕಚೇರಿಗೆ. ಎರಡು ವರ್ಷಕ್ಕೆ, ಪೂರ್ವಕ್ಕೆ ಹೊರಡಿಸುವ ಆದೇಶ ಬರುವ ಮೊದಲೇ, ಅವರು ಬರವಣಿಗೆಯನ್ನು ನಂಬಿ ಹೊರಬಂದರು. 1910ರ ಕಾದಂಬರಿಯೊಂದರಲ್ಲಿ ಆ ಕಚೇರಿಯನ್ನೇ ಹೋಲುವ ಬ್ಯಾಂಕನ್ನು ಗೇಲಿ ಮಾಡಿದ್ದಾರೆ.

ಈ ಅಗಲಿಕೆಯ ಖರ್ಚನ್ನು ವಿನಿಮಯ ದರ ಏರುಪೇರು ಮಾಡುತ್ತಿತ್ತು. ಶಾಲೆಯ ಶುಲ್ಕ ಪೌಂಡಿನಲ್ಲಿ, ಏಷ್ಯಾದ ಆದಾಯ ಬೆಳ್ಳಿಯಲ್ಲಿ. 1870ರ ದಶಕದ ಆರಂಭದಲ್ಲಿ ನಾಲ್ಕು ಶಿಲ್ಲಿಂಗಿಗೂ ಮೇಲಿದ್ದ ಹಾಂಗ್‌ಕಾಂಗ್ ಡಾಲರು 1902ರ ಹೊತ್ತಿಗೆ ಎರಡು ಶಿಲ್ಲಿಂಗಿಗಿಂತ ಕೆಳಗಿಳಿದಿತ್ತು. ರೂಪಾಯಿ ಎರಡು ಶಿಲ್ಲಿಂಗಿನ ಆಸುಪಾಸಿನಿಂದ ಇಳಿದು 1893ರಲ್ಲಿ ಭಾರತದ ಟಂಕಸಾಲೆಗಳು ಬೆಳ್ಳಿಗೆ ಬಾಗಿಲು ಹಾಕುವಷ್ಟಾಯಿತು. ತನ್ನ ಯುರೋಪಿಯನ್ ನೌಕರರಿಗೆ ಸರ್ಕಾರ ಆ ವರ್ಷದಿಂದ ವಿನಿಮಯ ಪರಿಹಾರ ಭತ್ಯೆ ಕೊಡಬೇಕಾಯಿತೆಂದರೆ ಹೊಡೆತದ ಪ್ರಮಾಣ ತಿಳಿದೀತು. ಬೆಳ್ಳಿಯ ಏರಿಳಿತದಿಂದ ಲಾಭ ಮಾಡುವುದೇ ಕಸುಬಾಗಿದ್ದವನಿಗೆ ಮನೆಯಲ್ಲಿ ಅದೇ ಏರಿಳಿತ ಮಗನ ಶಾಲೆ ಯಾವುದೆಂದು ತೀರ್ಮಾನಿಸುವ ಸಂಗತಿ.

ಬಲವಾದ ಆಕ್ಷೇಪಣೆ ಇನ್ನೊಂದಿದೆ. ಬೆಟ್ಟದ ಬಂಗಲೆ, ಉಚಿತ ಪ್ರಯಾಣ, ನಿವೃತ್ತಿ ವೇತನ ಉಂಡವರ ಅಗಲಿಕೆಗೆ ಇಷ್ಟೊಂದು ಮರುಗಬೇಕೆ? ಮರುಗಬೇಕಾಗಿಲ್ಲ, ಆದರೆ ಅದೇ ಮನೆಯ ಹಿಂಬದಿಯನ್ನೂ ನೋಡಬೇಕು. ಮಗುವನ್ನು ಎತ್ತಿ ಆಡಿಸಿದ ಆಮಾ ಎಷ್ಟೋ ಕಡೆ ಮುತ್ತುನದಿಯ ಮುಖಜಭೂಮಿಯ ಶುಂಡೆ ಕಡೆಯವಳು. ಅಲ್ಲಿನ ಹೆಣ್ಣುಮಕ್ಕಳಲ್ಲಿ ಕೆಲವರು ಜೀವನವಿಡೀ ಮದುವೆಯಾಗುವುದಿಲ್ಲವೆಂದು ವ್ರತ ತೊಟ್ಟು, ಜಡೆ ಎತ್ತಿ ಕಟ್ಟಿ, ದುಡಿದು ಊರಿಗೆ ಹಣ ಕಳುಹಿಸುತ್ತಿದ್ದರು. ರೇಷ್ಮೆಯ ಕಸುಬು ಕುಸಿದ 1930ರ ದಶಕದಲ್ಲಿ ಇವರು ಹಾಂಗ್‌ಕಾಂಗ್, ಸಿಂಗಪುರಗಳ ಮನೆಗೆಲಸಕ್ಕೆ ಹೆಚ್ಚಾಗಿ ಬಂದರು. ಒಂದೇ ಸೂರಿನಡಿ ಮದುವೆಯನ್ನು ಮುಂದೂಡಿದ್ದ ಯಜಮಾನ, ಮದುವೆಯನ್ನೇ ತೊರೆದ ದಾದಿ, ಹೆಂಡತಿ ಮಕ್ಕಳನ್ನು ಹಳ್ಳಿಯಲ್ಲಿ ಬಿಟ್ಟ ಅಡಿಗೆಯವನು. ದೊರೆಯ ಕಾಯುವಿಕೆಗೆ ಕೊನೆಯಿತ್ತು, ಭತ್ಯೆಯಿತ್ತು, ಉಳಿದಿಬ್ಬರಿಗೆ ಇರಲಿಲ್ಲ. ಕಚೇರಿಯಲ್ಲಿ ಮಕಾವು ಮೂಲದ ಪೋರ್ಚುಗೀಸ್ ಗುಮಾಸ್ತರು ಅದೇ ಊರಿನಲ್ಲಿ ತುಂಬು ಸಂಸಾರ ಮಾಡಿಕೊಂಡು, ಅಪ್ಪನ ಕುರ್ಚಿಗೆ ಮಗ ಬರುವಂತೆ ತಲೆಮಾರುಗಟ್ಟಲೆ ದುಡಿದರು. ಆದರೆ ಗುಮಾಸ್ತೆಯಿಂದ ಮೇಲೆ ಏರುವಂತಿರಲಿಲ್ಲ. ಮುಂಬಯಿಯ ಕಚೇರಿಗಳಿಗೆ ದಕ್ಷಿಣ ಕನ್ನಡದಿಂದ ಹೋದ ಗುಮಾಸ್ತರು ಕೋಣೆ ಹಂಚಿಕೊಂಡು ಬಾಳುತ್ತಿದ್ದಾಗ ಅವರ ಸಂಸಾರವೂ ಊರಿನಲ್ಲೇ. ಹೀಗಿರುವಾಗ ದೊರೆಯ ಅಗಲಿಕೆಯನ್ನು ತ್ಯಾಗವೆಂದು ಬಣ್ಣಿಸುವ ನೆನಪಿನ ಬರಹಗಳನ್ನು ಎಚ್ಚರದಿಂದ ಓದಬೇಕು. ಅವನ್ನು ಬರೆದವರು, ಹೇಳಿದವರು ಬಹುಪಾಲು ಪಿಂಚಣಿಯವರೆಗೆ ಉಳಿದು ಗೆದ್ದವರು. ಕೆಲಸ ಬಿಟ್ಟವರ, ಅನುಮತಿ ಸಿಗದವರ, ಮಧ್ಯದಲ್ಲೇ ಸತ್ತವರ ಮಾತು ಆ ಸಂಗ್ರಹಗಳಲ್ಲಿ ಕಡಿಮೆ.

ಯುದ್ಧ ಈ ವ್ಯವಸ್ಥೆಯನ್ನು ಒಡೆಯಿತು. 1940ರ ಜುಲೈಯಲ್ಲಿ ಹಾಂಗ್‌ಕಾಂಗ್ ಸರ್ಕಾರ ಯುರೋಪಿಯನ್ ಹೆಂಗಸರು ಮಕ್ಕಳನ್ನು ಮನಿಲಾದ ಮೂಲಕ ಆಸ್ಟ್ರೇಲಿಯಾಕ್ಕೆ ಸಾಗಿಸಿತು. ಮಿಶ್ರ ಮೂಲದ ಕುಟುಂಬಗಳನ್ನು ಬಿಟ್ಟದ್ದಕ್ಕೆ ಆಗಲೇ ಗದ್ದಲವಾಯಿತು. ಕೆಲವು ಹೆಂಗಸರು ದಾದಿಯರೆಂದು ಹೆಸರು ನೋಂದಾಯಿಸಿ ಉಳಿದುಕೊಂಡರು. 1941ರ ಡಿಸೆಂಬರ್ 25ರಂದು ಊರು ಜಪಾನಿನ ವಶವಾಯಿತು. ಉಳಿದವರಲ್ಲಿ ಹೆಚ್ಚಿನವರನ್ನು ಸ್ಟ್ಯಾನ್ಲಿ ಎಂಬಲ್ಲಿನ ಬಂಧನ ಶಿಬಿರದಲ್ಲಿಟ್ಟರೆ, ನೋಟುಗಳಿಗೆ ಸಹಿ ಹಾಕಿಸಿಕೊಳ್ಳಲು ಬ್ಯಾಂಕಿನವರನ್ನು ಮೊದಮೊದಲು ಪಟ್ಟಣದಲ್ಲೇ ಹಿಡಿದಿಟ್ಟರು. ಶಿಬಿರಕ್ಕೆ ಗುಟ್ಟಾಗಿ ಹಣ ಮುಟ್ಟಿಸಿದ ಗ್ರೇಬರ್ನ್ 1943ರ ಆಗಸ್ಟಿನಲ್ಲಿ ಸೆರೆಮನೆಯಲ್ಲಿ ತೀರಿಕೊಂಡರು.

ಯುದ್ಧಾನಂತರವೂ ಮದುವೆಗೆ ಅನುಮತಿ ಕೇಳುವ ಪದ್ಧತಿ ಒಮ್ಮೆಗೇ ಹೋಗಲಿಲ್ಲ, ಆದರೆ ಕಾಯುವ ವರ್ಷಗಳು ಇಳಿದವು. ವಿಮಾನ ಬಂದ ಮೇಲೆ ಶಾಲೆಯ ರಜೆಗೆ ಮಕ್ಕಳು ಏಷ್ಯಾಕ್ಕೆ ಹಾರಿ ಬರತೊಡಗಿದರು. ಭಾರತದಲ್ಲಿ, 1921ರಲ್ಲಿ ಮೂರು ಪ್ರೆಸಿಡೆನ್ಸಿ ಬ್ಯಾಂಕುಗಳು ಸೇರಿ ಆಗಿದ್ದ ಇಂಪೀರಿಯಲ್ ಬ್ಯಾಂಕು 1955ರ ಜುಲೈ 1ರಂದು ಸ್ಟೇಟ್ ಬ್ಯಾಂಕಾಯಿತು. ಏಜೆಂಟರ ಬಂಗಲೆಗಳಿಗೆ ಭಾರತೀಯ ಅಧಿಕಾರಿಗಳ ಸಂಸಾರಗಳು ಬಂದವು. ಉಳಿದೆಡೆಯೂ ಸ್ಥಳೀಯರನ್ನು ಅಧಿಕಾರಿಗಳಾಗಿ ನೇಮಿಸುವುದಕ್ಕೆ ಸ್ವಾತಂತ್ರ್ಯ ಚಳವಳಿಗಳ ಒತ್ತಡದಷ್ಟೇ ಹಣದ ಲೆಕ್ಕವೂ ಕಾರಣ: ಪರದೇಶದಿಂದ ತಂದ ಒಬ್ಬನ ಮನೆ, ರಜೆ, ಹಡಗಿನ ಟಿಕೇಟು, ಮಕ್ಕಳ ಪ್ರಯಾಣ, ಪಿಂಚಣಿ ಕೂಡಿಸಿದರೆ ಊರಿನವನೇ ಅಗ್ಗವಾಗಿದ್ದ.